ಬಾಳಮ್ಮನ ತಯಾರಿ

ಹಂಚಿನ ಕೆಲಸದವನು ಮೇ ತಿಂಗಳಲ್ಲಿ ಏಣಿ ಮಲಗಿಸಿ ಕೂತನೆಂದರೆ ಅವನ ತಲೆ ನೆಟ್ಟಗಿಲ್ಲವೆಂದೇ ಅರ್ಥ. ಗೋವಾದ ಮಳೆ ಜೂನ್ ಮೊದಲ ವಾರ ಹಿಡಿಯಿತೆಂದರೆ ಗಣೇಶನ ಹಬ್ಬ ದಾಟಿದರೂ ಬಿಡುವುದಿಲ್ಲ. ಅಷ್ಟರೊಳಗೆ ಮನೆಮನೆಯ ಮಾಡು ಹತ್ತಿ ಒಡೆದ ಹಂಚು ತೆಗೆಯಬೇಕು, ಜಾರಿದ್ದನ್ನು ಕೂಡಿಸಬೇಕು, ಬೆಕ್ಕು ಓಡಾಡಿ ಸರಿಸಿದ್ದನ್ನು ಸಾಲಿಗೆ ತರಬೇಕು. ಹಂಚಿನವನ ಮನೆಯಲ್ಲಿ ವರ್ಷದ ಗಂಜಿ ಹುಟ್ಟುವುದು ಏಪ್ರಿಲ್, ಮೇ ಎರಡು ತಿಂಗಳಲ್ಲೇ. ಇದು ಸಾಂಕೋಲೆ ಊರಿನ ಕಾಗೆಗೂ ಗೊತ್ತು. ಬಾಳಮ್ಮನ ಗಂಡ ಯೋನಪ್ಪನಿಗೆ ಮಾತ್ರ ೧೯೯೨ರ ಮೇ ಹದಿನೇಳನೇ ತಾರೀಖು ಅದು ಮರೆತುಹೋಯಿತು.

ಅವತ್ತು ಭಾನುವಾರ. ಪ್ರಾರ್ಥನೆ ಮುಗಿಸಿ ಬಂದವನೇ ಏಣಿಯನ್ನು ಗೋಡೆಯ ಬುಡಕ್ಕೆ ಅಡ್ಡ ಮಲಗಿಸಿ, ಕೈತೊಳೆದು, ಮದುವೆ ನಿಶ್ಚಯ ಮಾಡಿ ಬಂದವನ ಮುಖ ಮಾಡಿಕೊಂಡು ಕೂತ.

"ಇನ್ನ ಇಪ್ಪತ್ತೊಂದು ದಿನ ಉಳದಾವ, ಬಾಳಮ್ಮ," ಎಂದ.

"ಯಾತಕ್ಕ? ಮಳಿಗೇನು?"

"ಕರ್ತ ಬರಾಕ."

ಬಾಳಮ್ಮ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವುದನ್ನು ನಿಲ್ಲಿಸಲಿಲ್ಲ. ಹದಿಮೂರು ವರ್ಷ ಈ ಮನುಷ್ಯನ ಜೊತೆ ಬಾಳಿದವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಯೋನಪ್ಪ ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಹೆಂಡತಿಯ ಮೇಲೆ ಕೈ ಎತ್ತುವುದಿಲ್ಲ. ಆದರೆ ತಲೆಯೊಳಗೆ ಒಂದು ಒಳ್ಳೆಯ ವಿಚಾರ ಹೊಕ್ಕಿತೆಂದರೆ ಮನೆಯವರ ಗತಿ ಮುಗಿದಂತೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ಇಂಥವನನ್ನು ನೋಡಿಯೇ ಹುಟ್ಟಿರಬೇಕು.

ವಿಚಾರ ತಲೆಗೆ ಹಾಕಿದವನು ಬ್ರದರ್ ಗಿದ್ಯೋನ. ಎರಡು ವರ್ಷದ ಹಿಂದೆ ಬೆಳಗಾವಿ ಕಡೆಯಿಂದ ಬಂದು, ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ಕನ್ನಡದ ಮಂದಿಗೆ ಪ್ರಾರ್ಥನೆ ನಡೆಸುತ್ತಿದ್ದ. ಕೆಟ್ಟವನಲ್ಲ. ಅದೇ ತೊಂದರೆ. ಕಳ್ಳನಾಗಿದ್ದರೆ ಬಾಯಿತುಂಬ ಬೈದು ಹಗುರಾಗಬಹುದಿತ್ತು. ಆತ ಕಾಣಿಕೆಗೆ ಕೈಚಾಚುವುದಿಲ್ಲ, ಜ್ವರ ಬಂದವರ ಮನೆಗೆ ಗಂಜಿ ಹೊತ್ತುಕೊಂಡು ಹೋಗುತ್ತಾನೆ. ಅಂಥ ಮನುಷ್ಯ ಕಪ್ಪು ಹಲಗೆಯ ಮೇಲೆ ಕೂಡಿಸಿ, ಕಳೆದು, ಏಳರಿಂದ ಗುಣಿಸಿ, ಜೂನ್ ಏಳಕ್ಕೆ, ಈಸ್ಟರಿನಿಂದ ಐವತ್ತನೇ ದಿನ ಬರುವ ಪಂಚಾಶತ್ತಮದ ಭಾನುವಾರ, ಕರ್ತನು ಮೇಘಗಳ ಮೇಲೆ ಬರುತ್ತಾನೆಂದು ಉತ್ತರ ತೆಗೆದಾಗ, ಮೂರನೇ ಇಯತ್ತೆಯಲ್ಲಿ ಗಣಿತಕ್ಕೆ ಹೆದರಿ ಸಾಲೆ ಬಿಟ್ಟ ಯೋನಪ್ಪ ಅಲ್ಲಗಳೆಯುವುದು ಹೇಗೆ?

ಕರ್ತ ಬರುವುದನ್ನು ಬಾಳಮ್ಮನೂ ಅಲ್ಲಗಳೆದವಳಲ್ಲ. ಬೆಟಗೇರಿಯ ಮಿಶನ್ ಕಂಪೌಂಡಿನಲ್ಲಿ ಹುಟ್ಟಿ, ಮಿಶನ್ ಸಾಲೆಯಲ್ಲಿ ಏಳನೇ ಇಯತ್ತೆಯ ತನಕ ಓದಿ, ಮುತ್ತು ಪೋಣಿಸಿದಂಥ ಅಕ್ಷರ ಕಲಿತವಳು. ಅವಳ ತಾಯಿ ಭಾಗವ್ವ ದಿನಾ ಬೆಳಗ್ಗೆ ಕರ್ತನ ಹೆಸರು ಹೇಳಿಯೇ ಕಸಬರಿಗೆ ಹಿಡಿಯುತ್ತಿದ್ದಳು. "ಬರಾಂವ ಬಂದಾನು, ಅಷ್ಟರಾಗ ಜ್ವಾಳಾ ಹಸನ ಮಾಡಿ ಇಡು," ಎನ್ನುತ್ತಿದ್ದಳು. ಆ ಮನೆಯಲ್ಲಿ ತಯಾರಿ ಎಂದರೆ ಅಷ್ಟೇ. ತಾರೀಖು ಗೊತ್ತುಮಾಡಿ ಜೋಳ ಹಸನು ಮಾಡುವುದನ್ನೇ ಬಿಡುವ ತಯಾರಿಯನ್ನು ಬಾಳಮ್ಮ ಕಂಡದ್ದು ಗೋವಾದಲ್ಲಿ.

ಬ್ರದರ್ ಗಿದ್ಯೋನನ ತಯಾರಿಯಲ್ಲಿ ಉಪವಾಸವಿತ್ತು, ಬಿಳಿಯ ಬಟ್ಟೆಯಿತ್ತು. ಅವೆರಡನ್ನೂ ಬಾಳಮ್ಮ ಸಹಿಸಿಕೊಳ್ಳುತ್ತಿದ್ದಳು. ಮೂರನೆಯದು ಮಾತ್ರ ಮೈ ಉರಿಸುವಂಥದ್ದು. ಯಾರಿಗೆ ಏನು ತಪ್ಪು ಮಾಡಿದ್ದೀರೋ ಅವರ ಮನೆ ಬಾಗಿಲಿಗೆ ಹೋಗಿ ಬಾಯಿಬಿಟ್ಟು ಹೇಳಬೇಕು, ಮುಚ್ಚಿಟ್ಟದ್ದು ಒಂದೂ ಉಳಿಯಬಾರದು. ಹೀಗೆಂದು ಅಪ್ಪಣೆಯಾಗಿತ್ತು.

ಯೋನಪ್ಪ ಸೋಮವಾರ ಬೆಳಗ್ಗೆಯೇ ಶುರುಮಾಡಿದ. ಮೊದಲು ಹೋದದ್ದು ದಿಗಂಬರ ಅವರ ಮನೆಗೆ. ಅವರು ಕಾರವಾರದವರು, ಬಂದರಿನ ಆಫೀಸಿನಲ್ಲಿ ಗುಮಾಸ್ತರು. ಶನಿವಾರವಷ್ಟೇ ಅವರ ಮಾಡಿನ ಪಡುವಣ ಮಗ್ಗುಲಿನ ಹಂಚನ್ನೆಲ್ಲ ಇಳಿಸಿ ಅಂಗಳದಲ್ಲಿ ಪೇರಿಸಿ ಬಂದಿದ್ದ. ಈಗ ಬರಿಗೈಯಲ್ಲಿ ಹೋಗಿ, ಹೋದ ವರ್ಷ ಸೂರಿನ ಕೆಳಸಾಲಿನಲ್ಲಿ ಬಿರುಕು ಬಿಟ್ಟ ಹಂಚನ್ನೇ ತಿರುವಿಹಾಕಿ ಹೊಸದೆಂದು ಹೇಳಿದ್ದೆ, ಕ್ಷಮಿಸಬೇಕು ಎಂದ. ದಿಗಂಬರ ಸಮಾಧಾನದ ಮನುಷ್ಯ. ಆಯಿತು, ಹೇಳಿದೆಯಲ್ಲ, ಈಗ ಸರಿಯಾದ್ದು ಹೊದಿಸು ಎಂದರು. ಹೊದಿಸುವುದಿಲ್ಲ, ಸಮಯವಿಲ್ಲ, ಲೋಕ ಮುಗಿಯುತ್ತದೆ ಎಂದ ಈ ಪುಣ್ಯಾತ್ಮ.

ಅಲ್ಲಿಂದ ಸೀತಾಬಾಯಿಯ ಮನೆ. ಆಕೆ ಧಾರವಾಡದವಳು, ಗಂಡ ಬ್ಯಾಂಕಿನಲ್ಲಿ. ಎರಡು ವರ್ಷದ ಹಿಂದೆ ಮಾಡಿನಿಂದ ಹಂಚು ಜಾರಿಸಿ ತುಳಸಿಕಟ್ಟೆಯ ಮೂಲೆ ಒಡೆದವನು ತಾನೇ, ಬೆಕ್ಕಿನ ಮೇಲೆ ಹಾಕಿದ್ದೆ ಎಂದು ಅಲ್ಲಿ ಕೈಮುಗಿದ. ಪಾಪದ ಬೆಕ್ಕು ಎರಡು ವರ್ಷ ಆ ಮನೆಯ ಹಾಲು ಕಂಡಿರಲಿಲ್ಲ. ಸೀತಾಬಾಯಿ ಬಾಯಿಗೆ ಬಂದದ್ದನ್ನೆಲ್ಲ ಅಂದು, ಇನ್ನು ಅಂಗಳ ತುಳಿಯಬೇಡ ಎಂದಳು. ಯೋನಪ್ಪ ಸಂತೋಷದಿಂದ ಮನೆಗೆ ಬಂದ. ಬೈಸಿಕೊಂಡಷ್ಟೂ ಎದೆ ಹಗುರಾಗುತ್ತದೆಯಂತೆ.

ಅವನ ಎದೆ ಹಗುರಾಗುತ್ತಿತ್ತು, ಬಾಳಮ್ಮನ ತಲೆ ಭಾರವಾಗುತ್ತಿತ್ತು. ಅವನು ಬೆಳಗ್ಗೆ ಹೋದ ಮನೆಗಳಿಗೆ ಇವಳು ಸಂಜೆ ಹೋಗಿ ಸಮಾಧಾನ ಮಾಡಬೇಕು. ದಿಗಂಬರರಂತೂ ದಿನ ಬಿಟ್ಟು ದಿನ ಬಾಗಿಲಿಗೆ ಬಂದು ನಿಲ್ಲುವರು.

"ಬಾಳಮ್ಮ, ನಿಮ್ಮ ದೇವರು ಏಳಕ್ಕ ಬರ್ತಾನ, ಒಪ್ಪಿದೆ. ಮಳಿ ಐದಕ್ಕ ಬಂದ್ರ ನಾ ಎಲ್ಲಿ ಮಲಗಲಿ?"

ಗಂಡನಿಗೆ ಹೇಳಿದರೆ ಅವನು ಆಕಾಶ ನೋಡುತ್ತಿದ್ದ. ಪಕ್ಕದ ದಾಬೋಳಿ ನಿಲ್ದಾಣದಿಂದ ವಿಮಾನ ಎದ್ದಾಗಲೆಲ್ಲ ಅಂಗಳಕ್ಕೆ ಓಡಿ ಹೋಗಿ ಕುತ್ತಿಗೆ ಎತ್ತಿ ನಿಲ್ಲುವನು. ದಿನಕ್ಕೆ ಎಷ್ಟು ವಿಮಾನ ಏಳುತ್ತವೆ, ಎಷ್ಟು ಸಲ ಓಡುವುದು? ಬಾಳಮ್ಮನಿಗೆ ನೋಡಿ ನೋಡಿ ಸಾಕಾಯಿತು.

ಇಷ್ಟೇ ಆಗಿದ್ದರೆ ಮೂರು ವಾರ ಹಲ್ಲು ಕಚ್ಚಿ ಕಳೆಯುತ್ತಿದ್ದಳೇನೋ. ಎರಡನೇ ವಾರದ ಕೊನೆಗೆ ಯೋನಪ್ಪ ಊಟಕ್ಕೆ ಕೂತವನು ಮೆಲ್ಲಗೆ, "ನಂದು ಮುಗೀತು. ನಿಂದೊಂದು ಉಳದೈತಿ," ಎಂದ.

"ನಂದೇನು?"

"ಜೈತುನಬಿದು."

ಬಾಳಮ್ಮ ಸಾರಿನ ಸೌಟು ಕೆಳಗಿಟ್ಟಳು.

ಜೈತುನಬಿ ಪಕ್ಕದ ಮನೆಯವಳು. ಗುಡ್ಡದ ಕೆಳಗಿನ ಆ ಓಣಿಯಲ್ಲಿ ನಲವತ್ತು ಮನೆ, ಎಲ್ಲ ತಗಡಿನವು. ಸವಣೂರು, ರೋಣ, ಬಾದಾಮಿ, ಇಂಡಿ ಕಡೆಯಿಂದ ಕಾರ್ಖಾನೆಗೆ, ಗಾರೆ ಕೆಲಸಕ್ಕೆ, ಲಾರಿಗೆ ಬಂದ ಜನ. ಅಕ್ಷರ ಬಲ್ಲವರು ಕಮ್ಮಿ. ಊರಿಂದ ಕಾಗದ ಬಂದರೆ ಓದುವವಳು ಬಾಳಮ್ಮ, ಉತ್ತರ ಬರೆಯುವವಳೂ ಬಾಳಮ್ಮ. ಮಧ್ಯಾಹ್ನ ಹೊಸಿಲ ಮೇಲೆ ಕೂತಳೆಂದರೆ ಒಬ್ಬರಲ್ಲ ಒಬ್ಬರು ಕಾಗದ ಹಿಡಿದು ಬರುವರು. ಎಮ್ಮೆ ಸತ್ತದ್ದು, ಮಗು ಹುಟ್ಟಿದ್ದು, ಮಾವನ ಬೈಗುಳ, ಯಾವುದನ್ನೂ ಬಿಡದೆ ಸೇರಿಸದೆ ಓದುವಳೆಂದು ಓಣಿಯಲ್ಲಿ ಅವಳಿಗೆ ಮರ್ಯಾದೆ. ಆ ಮರ್ಯಾದೆಗೆ ಅವಳೇ ಒಂದು ಸಲ ಮಣ್ಣು ಹಾಕಿದ್ದಳು. ಅದು ಅವಳಿಗೆ ಗೊತ್ತು, ಗಂಡನಿಗೆ ಗೊತ್ತು, ಮೂರನೆಯವರಿಗೆ ಗೊತ್ತಿರಲಿಲ್ಲ.

ಜೈತುನಬಿ ಸವಣೂರಿನವಳು. ಮನೆಯವರ ಮಾತು ಮೀರಿ ಲಾರಿ ಡ್ರೈವರ್ ಚಮನಸಾಬನ ಜೊತೆ ಗೋವಾಕ್ಕೆ ಬಂದುಬಿಟ್ಟವಳು. ತವರಿನ ಹೊಸಿಲು ತುಳಿಯಬೇಡ ಎಂದು ಅಣ್ಣ ಜಿಲಾನಿ ಕಟ್ಟಪ್ಪಣೆ ಮಾಡಿದ್ದ. ವರ್ಷಕ್ಕೆ ಒಂದೋ ಎರಡೋ ಕಾಗದ ಗೀಚುತ್ತಿದ್ದ, ಅದೂ ಋಣ ತೀರಿಸುವವನ ಹಾಗೆ. ತಾಯಿಯಂತೂ ಮಗಳ ಹೆಸರನ್ನೇ ಬಿಟ್ಟಿದ್ದಳು. ಜೈತುನಬಿಗೆ ಎರಡು ಗರ್ಭ ನಿಲ್ಲಲಿಲ್ಲ. ಅವ್ವನ ಶಾಪ ಎಂದು ಅವಳು ನಂಬಿದ್ದಳು. ಮೂರನೆಯದು ಎಂಟು ತಿಂಗಳಿಗೆ ಬಂದಿದ್ದಾಗ, ೧೯೮೬ರ ಜುಲೈ ತಿಂಗಳಲ್ಲಿ, ಜಿಲಾನಿಯ ಕಾಗದ ಬಂತು. ಬಾಳಮ್ಮ ಒಡೆದು ನೋಡಿದರೆ ನಾಲ್ಕೇ ಸಾಲು. ಅವ್ವ ಗುರುವಾರ ತೀರಿಕೊಂಡಳು, ಮಣ್ಣು ಮುಗಿಯಿತು, ನೀನು ಬರುವುದು ಬೇಡ.

"ಅವ್ವ ಏನರ ಅಂದಾಳೇನು?" ಎಂದು ಜೈತುನಬಿ ಹೊಟ್ಟೆಯ ಮೇಲೆ ಕೈಯಿಟ್ಟು ಕೇಳಿದಳು.

ಬಾಳಮ್ಮನ ಬಾಯಿಂದ ಹೊರಟದ್ದು ಅವಳಿಗೇ ಆಶ್ಚರ್ಯ. "ಹೆಣ್ಣಾದ್ರ ಖಾತುನ ಅಂತ ಹೆಸರಿಡು ಅಂದಾಳಂತ. ಸಿಟ್ಟು ಬಿಟ್ಟಾಳಂತ." ತನ್ನ ಅಜ್ಜಿಯ ಹೆಸರು ಖಾತುನ ಎಂದು ಜೈತುನಬಿಯೇ ಹಿಂದೊಮ್ಮೆ ಹೇಳಿದ್ದು ನೆನಪಿಗೆ ಬಂದಿತ್ತು. ಜೈತುನಬಿ ಅತ್ತಳು, ನಕ್ಕಳು, ಆ ರಾತ್ರಿ ಹೊಟ್ಟೆತುಂಬ ಉಂಡಳು. ಆಗಸ್ಟಿನಲ್ಲಿ ಹೆಣ್ಣುಮಗು ಹುಟ್ಟಿತು, ಉಳಿಯಿತು. ಖಾತುನ ಎಂದು ಹೆಸರಿಟ್ಟರು. ನಲವತ್ತು ದಿನ ಕಳೆದ ಮೇಲೆ ಬಾಳಮ್ಮ ಬೇರೆ ಯಾವುದೋ ಹಳೆಯ ಕಾಗದ ಹಿಡಿದುಕೊಂಡು ಹೋಗಿ, ಈಗ ಸುದ್ದಿ ಬಂತು ಎಂದು ಸಾವನ್ನು ಓದಿದಳು. ಮೊಮ್ಮಗಳು ಹುಟ್ಟಿದ್ದು ಕೇಳಿಯೇ ಅವ್ವ ಕಣ್ಣುಮುಚ್ಚಿದಳು ಎಂದು ಜೈತುನಬಿ ತಿಳಿದಳು. ಬಾಳಮ್ಮ ಅಲ್ಲವೆನ್ನಲಿಲ್ಲ.

ಆರು ವರ್ಷ ಹಾಗೇ ನಡೆಯಿತು. ಪ್ರತಿ ಸೆಪ್ಟೆಂಬರಿನಲ್ಲಿ ಜೈತುನಬಿ ಅವ್ವನ ಹೆಸರಿನಲ್ಲಿ ಫಾತಿಹಾ ಓದಿಸಿ ಓಣಿಗೆ ಸಿಹಿ ಹಂಚುವಳು. ಮೊದಲ ಬಟ್ಟಲು ಬಾಳಮ್ಮನಿಗೇ. "ನಮ್ಮವ್ವ ಇಟ್ಟ ಹೆಸರು," ಎಂದು ಖಾತುನಳನ್ನು ಕಂಡಕಂಡವರಿಗೆ ತೋರಿಸುವಳು. ಬಾಳಮ್ಮನಿಗೆ ಮಕ್ಕಳಾಗಿರಲಿಲ್ಲ. ಖಾತುನ ಅರ್ಧ ದಿನ ಇವಳ ಮನೆಯಲ್ಲೇ ಆಡಿ, ಉಂಡು, ನಿದ್ದೆ ಮಾಡುವಳು. ಸಿಹಿ ತಿನ್ನುವ ಮನಸ್ಸಿರುತ್ತಿರಲಿಲ್ಲ ನಿಜ. ಆದರೂ ನುಂಗುತ್ತಿದ್ದಳು.

ಈಗ ಈ ಮಹಾರಾಯ ಅದನ್ನು ಕೆದಕಲು ಹೊರಟಿದ್ದ.

"ಕರ್ತಗ ಗೊತ್ತೈತಿ," ಎಂದಳು ಬಾಳಮ್ಮ. "ನಾ ಎಷ್ಟು ಸಲ ಮೊಣಕಾಲೂರಿ ಹೇಳೇನಿ ಅದೂ ಗೊತ್ತೈತಿ. ಮತ್ತ ಜೈತುನಬಿಗ್ಯಾಕ?"

"ಸುಳ್ಳು ಹೇಳಿದ್ದು ಆಕಿಗೆ."

"ಆಕಿ ಅದರ ಮ್ಯಾಲೆ ಮನಿ ಕಟಗೊಂಡು ಕುಂತಾಳ್ರಿ. ನಮ್ಮ ಕಸ ಗುಡಿಸಿ ಆಕಿ ಅಂಗಳಕ್ಕ ಚೆಲ್ಲೂದು ತಯಾರಿ ಏನು?"

"ಮುಚ್ಚಿಟ್ಟದ್ದು ಉಳೀಬಾರದು. ನಾ ನಿನ್ನ ಬಿಟ್ಟು ಒಬ್ಬನಾ ಮ್ಯಾಲೆ ಹೋಗಾಂಗಿಲ್ಲ, ಬಾಳಮ್ಮ." ಹೇಳುವಾಗ ಯೋನಪ್ಪನ ಕಣ್ಣಲ್ಲಿ ನೀರು ಬಂತು. ಇಂಥವನ ಜೊತೆ ಜಗಳವಾದರೂ ಹೇಗೆ ಆಡುವುದು? ಬೈಯಲು ಬಾಯಿ ತೆರೆದರೆ ಅವನು ಪ್ರೀತಿಯಿಂದಲೇ ಕುತ್ತಿಗೆ ಹಿಸುಕುತ್ತಿದ್ದ. "ಶನಿವಾರದ ಮಟ ನೋಡತೇನಿ. ನೀ ಹೇಳಲಿಲ್ಲಂದ್ರ ನಾ ಹೇಳತೇನಿ."

ಬಾಳಮ್ಮ ಮರುದಿನವೇ ಬ್ರದರ್ ಗಿದ್ಯೋನನ ಶೆಡ್ಡಿಗೆ ಹೋದಳು. ಯಾರ ವಿಷಯ ಎಂದು ಹೇಳದೆ, ಒಂದು ಸುಳ್ಳಿನಿಂದ ಒಬ್ಬರು ನೆಮ್ಮದಿಯಾಗಿದ್ದರೆ ಅದನ್ನು ಕಿತ್ತುಕೊಳ್ಳಲೇಬೇಕೇ ಎಂದು ಕೇಳಿದಳು. ಆತ, ಸುಳ್ಳಿನ ನೆಮ್ಮದಿ ನೆಮ್ಮದಿಯಲ್ಲ ಎಂದ. ಹೇಳುವುದು ಸುಲಭ. ಆ ನೆಮ್ಮದಿಯಲ್ಲಿ ಎಂಟು ತಿಂಗಳ ಬಸುರಿ ಉಂಡು ಮಲಗಿದ್ದನ್ನು ಆತ ನೋಡಿರಲಿಲ್ಲ.

"ಆತು, ಹೇಳಿದೆ ಅಂತ ಇಟಗೋರಿ. ಸೋಮವಾರ ನಾ ಅವರ ಮಾರಿ ಹೆಂಗ ನೋಡಲಿ?"

"ಸೋಮವಾರ ಇರೂದಿಲ್ಲ, ಸಿಸ್ಟರ್," ಎಂದ ಆತ, ತುಂಬ ಕರುಣೆಯಿಂದ.

ಬಾಳಮ್ಮನಿಗೆ ಮೈಯೆಲ್ಲ ಉರಿಯಿತು. ಈ ಗಂಡಸರಿಗೆ ಸೋಮವಾರವೇ ಇಲ್ಲ. ನಲ್ಲಿಯಲ್ಲಿ ನೀರು ಹಿಡಿಯಬೇಕಾದ, ಪಕ್ಕದ ಮನೆಯವಳ ಮುಂದೆ ಬಟ್ಟೆ ಒಣಹಾಕಬೇಕಾದ ಸೋಮವಾರವೆಲ್ಲ ಹೆಂಗಸರ ಪಾಲು.

ಶನಿವಾರ ಬಂತು. ಮೋಡ ಕಟ್ಟಿತ್ತು, ಗಾಳಿಯಿರಲಿಲ್ಲ, ಒಣಮೀನಿನ ವಾಸನೆ ಓಣಿಯಲ್ಲಿ ಅಲ್ಲಾಡದೆ ನಿಂತಿತ್ತು. ಮಳೆಗಾಲದ ಸಾಮಾನೆಂದು ಮನೆಮನೆಯವರೂ ಒಣಮೀನು, ಮೆಣಸಿನಕಾಯಿ, ಕೋಕಂ ಒಣಗಿಸಿ ಡಬ್ಬಿ ತುಂಬುತ್ತಿದ್ದರು. ಬಾಳಮ್ಮನ ಮನೆಯಲ್ಲಿ ಮಾತ್ರ ಡಬ್ಬಿ ಬರಿದು. ತುಂಬಿದರೆ ಅವಿಶ್ವಾಸವಂತೆ. ಯೋನಪ್ಪ ಒಗೆದ ಅಂಗಿ ತೊಟ್ಟು, ತಲೆ ಬಾಚಿ, ಪಕ್ಕದ ಮನೆಗೆ ಹೊರಡಲು ಚಪ್ಪಲಿ ಮೆಟ್ಟಿದ.

"ಕುಂದರ್ರಿ," ಎಂದಳು ಬಾಳಮ್ಮ. "ನೀವು ಹೇಳಿದ್ರ ಪಂಚಾಯ್ತಿ ತೀರ್ಪು ಓದಿದಂಗ ಹೇಳತೀರಿ. ನಾನಾ ಹೋಗತೇನಿ."

ಜೈತುನಬಿ ಹೊರಗೆ ಮೊರದಲ್ಲಿ ಒಣಬಂಗಡೆ ಆರಿಸುತ್ತಿದ್ದಳು. ಖಾತುನ ಓಣಿಯ ತುದಿಯಲ್ಲಿ ಆಡುತ್ತಿದ್ದಳು. ಬಾಳಮ್ಮ ಪಕ್ಕದಲ್ಲಿ ಕೂತು, ಮೊರದ ಮೇಲೆ ಕಣ್ಣಿಟ್ಟು, ಜುಲೈ ತಿಂಗಳಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ನಡುವೆ ಅಳಲಿಲ್ಲ. ಅತ್ತರೆ ಸಮಾಧಾನ ಮಾಡುವ ಕೆಲಸವೂ ಜೈತುನಬಿಯ ಮೇಲೆಯೇ ಬೀಳುತ್ತದೆ ಎಂದು ತಡೆದುಕೊಂಡಳು.

ಜೈತುನಬಿ ಕೈಲಿದ್ದ ಮೀನನ್ನು ಮೊರಕ್ಕೆ ಹಾಕಿದಳು.

"ಹಂಗಾರ ಖಾತುನ ಹುಟ್ಟಿದ್ದು ನಮ್ಮವ್ವ ಕೇಳಲಾ ಇಲ್ಲ."

"ಇಲ್ಲ."

"ಸಿಟ್ಟು ಬಿಟ್ಟಾಳಂತ ಓದಿದ್ದೆಲ್ಲ?"

"ಅದು ನಂದು."

"ನನ್ನ ಹೆಸರು ತಗೊಂಡಿರಲಿಲ್ಲ."

ಬಾಳಮ್ಮ ಇಲ್ಲವೆಂದು ತಲೆಯಲ್ಲಾಡಿಸಿದಳು. ಜೈತುನಬಿ ಸಿಟ್ಟಿಲ್ಲದ ದನಿಯಲ್ಲಿ ಕೇಳಿದಳು: "ಆರು ವರ್ಷ ಹೇಳಲಿಲ್ಲ. ಇವತ್ಯಾಕ ಹೇಳಿದಿ?"

"ನಾಳಿ ಕರ್ತ ಬರ್ತಾನಂತ. ಮನಿ ಸ್ವಚ್ಛ ಇರಬೇಕಂತ."

"ನಿನ್ನ ಮನಿ," ಎಂದಳು ಜೈತುನಬಿ. ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಬಾಗಿಲು ಹಗಲಿನಲ್ಲಿ ಮುಚ್ಚಿದ್ದನ್ನು ಬಾಳಮ್ಮ ಅದೇ ಮೊದಲು ನೋಡಿದ್ದು. ಸಂಜೆ ಖಾತುನ ಬಾಳಮ್ಮನ ಕಡೆಗೆ ಓಡಿಬಂದಾಗ, ಜೈತುನಬಿ ಒಳಗಿಂದಲೇ ಕೂಗಿ ಕರೆದುಕೊಂಡಳು.

ಯೋನಪ್ಪ ಆ ರಾತ್ರಿ ಮಗುವಿನ ಹಾಗೆ ನಿದ್ದೆ ಮಾಡಿದ. ಬಾಳಮ್ಮ ಅವನ ಗೊರಕೆ ಕೇಳುತ್ತ, ಇವನ ಮೇಲೆ ಏನಾದರೂ ಎತ್ತಿಹಾಕಲೇ ಎಂದು ಗಂಭೀರವಾಗಿ ಯೋಚಿಸಿದಳು.

ಭಾನುವಾರ ಬೆಳಗ್ಗೆ ಹತ್ತೊಂಬತ್ತು ಮಂದಿ ಬಿಳಿ ಬಟ್ಟೆ ಉಟ್ಟು ಗುಡ್ಡ ಹತ್ತಿದರು. ಬಾಳಮ್ಮನೂ ಹೋದಳು. ಮನೆಯಲ್ಲಿದ್ದರೆ ಆ ಮುಚ್ಚಿದ ಬಾಗಿಲು ಕಾಣುತ್ತದೆ. ಕೆಂಪು ಜಂಬಿಟ್ಟಿಗೆಯ ಬಂಡೆಯ ಮೇಲೆ ಕೂತು ಪ್ರಾರ್ಥಿಸಿದರು, ಪದ ಹೇಳಿದರು, ಬಿಸಿಲಿಗೆ ಬೆವತರು. ಮಧ್ಯಾಹ್ನ ಎರಡು ಮಂದಿ ನೀರಡಿಕೆ ತಾಳದೆ ಇಳಿದುಹೋದರು. ಸಂಜೆ ಕೆಳಗಿನ ದಾರಿಯಲ್ಲಿ ಪಾವು ಬ್ರೆಡ್ಡು ಮಾರುವವನು ಸೈಕಲ್ಲಿನ ಹಾರ್ನು ಒತ್ತಿಕೊಂಡು ಹೋದಾಗ ಯೋನಪ್ಪ ಕರ್ತ ಬರುವಾಗ ಊದುವ ತುತ್ತೂರಿಯೆಂದು ದಡಕ್ಕನೆ ಎದ್ದು ನಿಂತ. ಅವನ ಹಿಂದೆ ಇನ್ನೂ ನಾಲ್ಕು ಜನ ಎದ್ದರು. ಯಾರೂ ನಗಲಿಲ್ಲ. ಬಾಳಮ್ಮನಿಗೂ ನಗು ಬರಲಿಲ್ಲ.

ಯಾಕೆಂದರೆ ಅಷ್ಟು ಹೊತ್ತಿಗೆ ಆ ಗುಡ್ಡದ ಮೇಲೆ ಕರ್ತನ ಬರುವಿಕೆಯನ್ನು ಎಲ್ಲರಿಗಿಂತ ಹೆಚ್ಚು ಬಯಸುತ್ತಿದ್ದವಳು ಬಾಳಮ್ಮ. ತಾರೀಖನ್ನು ಒಂದು ದಿನವೂ ನಂಬದವಳು, ಈಗ ಕಣ್ಣು ಬಿಗಿಯಾಗಿ ಮುಚ್ಚಿ ಒಳಗೊಳಗೇ ಜಗಳ ತೆಗೆದಿದ್ದಳು. ಬಂದುಬಿಡು, ಇವತ್ತೇ ಬಂದುಬಿಡು. ನಿನ್ನ ಹೆಸರು ಹೇಳಿ ನನ್ನ ಬಾಯಿ ಬಿಡಿಸಿದ್ದಾರೆ, ಇನ್ನು ಬರದೆ ಹೋದರೆ ನಾನು ಎಲ್ಲಿಗೆ ಹೋಗಲಿ? ನಾಳೆ ಬೆಳಗಾದರೆ ಆ ಹೆಣ್ಣುಮಗಳ ಮುಖ ನೋಡಬೇಕಾದವಳು ನಾನು, ನೀನಲ್ಲ. ಇಷ್ಟು ಪ್ರಾಮಾಣಿಕವಾದ ಪ್ರಾರ್ಥನೆಯನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ.

ಆರು ಗಂಟೆಗೆ ಪಡುವಣದಿಂದ ಗಾಳಿ ಎದ್ದಿತು. ಸಮುದ್ರದ ಕಡೆಯ ಮೋಡ ಕಪ್ಪಾಗಿ ಗುಡ್ಡದ ಮೇಲೇ ಬಂದು ನಿಂತಿತು. ಬ್ರದರ್ ಗಿದ್ಯೋನ ಎರಡೂ ಕೈ ಎತ್ತಿದ. ಮಳೆ ಬಂತು. ಬರೀ ಮಳೆ. ಕಾಲು ಗಂಟೆಯಲ್ಲಿ ಬಿಳಿ ಬಟ್ಟೆಯೆಲ್ಲ ಕೆಮ್ಮಣ್ಣು ಬಡಿದು, ಒಬ್ಬರ ಕೈ ಒಬ್ಬರು ಹಿಡಿದು ಜಾರುತ್ತ ಗುಡ್ಡ ಇಳಿದರು.

"ಲೆಕ್ಕದಾಗ ಏನೋ ತಪ್ಪಿರಬೇಕು," ಎಂದ ಯೋನಪ್ಪ, ಮನೆಯಲ್ಲಿ ತಲೆ ಒರೆಸಿಕೊಳ್ಳುತ್ತ. "ಇನ್ನ ನಾಲ್ಕ ತಿಂಗಳಿಗೆ ಇರಬಹುದಂತ ಬ್ರದರ್ ಅಂದ್ರು."

"ಅಕ್ಟೋಬರಕ್ಕ ಆಕಿಗೆ ಏನು ಹೇಳಲ್ರಿ? ನಾ ಹೇಳಿದ್ದು ತಿರುಗಿ ಕೊಡು, ಲೆಕ್ಕ ತಪ್ಪಿತ್ತು ಅಂತೇನು?" ಬಾಳಮ್ಮ ಅಂದದ್ದು ಅಷ್ಟೇ. ಯೋನಪ್ಪ ಟವೆಲ್ಲು ಹಿಡಿದು ನಿಂತೇ ಇದ್ದ. ಆ ಮೂರು ವಾರದಲ್ಲಿ ಅವನಿಗೆ ಮೊದಲ ಸಲ ಏನೋ ತಿಳಿದಂತೆ ಕಂಡಿತು. ತಿಳಿದು ಏನು ಉಪಯೋಗ?

ಸೋಮವಾರ ಬಂದೇ ಬಂತು. ಬೆಳಕು ಹರಿಯುವ ಮುಂಚೆಯೇ ದಿಗಂಬರರು ಕೊಡೆ ಹಿಡಿದು ಬಾಗಿಲಿಗೆ ಬಂದರು. ಅವರ ಹಾಸಿಗೆ, ಆಫೀಸಿನ ಕಾಗದ, ಮಗಳ ಪುಸ್ತಕ ಎಲ್ಲ ನೆನೆದಿದ್ದವು. ಈ ಸಲ ಸಮಾಧಾನದ ಮನುಷ್ಯನಾಗಿ ಮಾತಾಡಲಿಲ್ಲ. ಯೋನಪ್ಪ ಏಣಿ ಹೆಗಲಿಗೇರಿಸಿ, ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ಸುರಿಯುವ ಮಳೆಯಲ್ಲಿ ಮಾಡು ಹತ್ತಲು ಹೋದ. ಕಾಲು ಜಾರಿ ಬಿದ್ದರೆ ಎಂಬ ಹೆದರಿಕೆ ಬಾಳಮ್ಮನಿಗೆ ಬಂತು. ಬಂದದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

ಅವಳು ನಲ್ಲಿಗೆ ಹೋಗಲಿಲ್ಲ, ಸೂರಿನ ನೀರನ್ನೇ ಹಿಡಿದು ಅಡುಗೆಗಿಟ್ಟಳು. ಮಧ್ಯಾಹ್ನ ಬಾಗಿಲಲ್ಲಿ ನೆರಳಾಯಿತು. ಜೈತುನಬಿ. ಸೆರಗಿನ ತುದಿ ತಲೆಯ ಮೇಲೆ, ಕೈಯಲ್ಲಿ ನೀಲಿಯ ಅಂತರ್ದೇಶೀಯ ಪತ್ರ. ಬಾ ಎನ್ನಬೇಕೋ ಬೇಡವೋ ಬಾಳಮ್ಮನಿಗೆ ತಿಳಿಯಲಿಲ್ಲ. ಜೈತುನಬಿ ತಾನೇ ಬಂದು, ಎಂದಿನ ಜಾಗ ಬಿಟ್ಟು ಸ್ವಲ್ಪ ದೂರ ಕೂತಳು.

"ಶನಿವಾರ ಸಂಜೀಕ ಬಂತು. ಜಿಲಾನಣ್ಣಂದು," ಎಂದಳು. "ಪಾನಂಗಡಿ ಅಲ್ಲಾವುದ್ದೀನನ ಕಡೆ ಓದಿಸೇನಿ. ಈಗ ನೀ ಓದು. ಎರಡೂ ಕೂಡತಾವೇನು ನೋಡತೇನಿ."

ಕಪಾಳಕ್ಕೆ ಹೊಡೆದಿದ್ದರೂ ಬಾಳಮ್ಮನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಇಡೀ ಓಣಿಯ ಕಾಗದ ಓದಿದವಳ ಓದನ್ನು ಪಾನಂಗಡಿಯವನ ಓದಿಗೆ ಹಿಡಿದು ನೋಡುವುದೆಂದರೆ? ಆದರೆ ಯಾವ ಬಾಯಿಂದ ಬೇಡ ಎನ್ನುವುದು? ಕೈಚಾಚಿ ತೆಗೆದುಕೊಂಡಳು. ಮಡಿಕೆ ಬಿಚ್ಚಿ, ಮೊದಲು ಮನಸ್ಸಿನಲ್ಲಿ ಓದದೆ, ಕಣ್ಣಿಗೆ ಬಿದ್ದ ಹಾಗೆ ನೇರ ಓದುತ್ತ ಹೋದಳು. ಎಲ್ಲರೂ ಆರಾಮ. ಮಳೆ ಇನ್ನೂ ಇಲ್ಲ. ಹಿರಿಯ ಮಗಳು ರಹಿಮತಬಿಯ ಲಗ್ನ ಈ ತಿಂಗಳ ಇಪ್ಪತ್ತೆಂಟಕ್ಕೆ ನಿಶ್ಚಯವಾಗಿದೆ. ಮುಂದಿನ ಸಾಲಿಗೆ ಬಂದಾಗ ನಾಲಿಗೆ ತಡೆಯಿತು. ಆರು ವರ್ಷದ ಹಿಂದೆ ತಡೆದ ಹಾಗೆಯೇ. ಇನ್ನೊಂದು ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು. ಬಾಳಮ್ಮ ಇದ್ದದ್ದನ್ನು ಓದಿದಳು.

"ನೀನೂ ನಿನ್ನ ಗಂಡನೂ ಬರೂದು ಬ್ಯಾಡ. ಬೀಗರಿಗೆ ನಿಂದು ಹೇಳಿಲ್ಲ."

"ಅಲ್ಲಾವುದ್ದೀನ ಹಂಗ ಓದಲಿಲ್ಲ," ಎಂದಳು ಜೈತುನಬಿ.

"ಏನಂತ ಓದಿದ?"

"ಲಗ್ನಕ್ಕ ಬರ್ರಿ, ಖಾತುನನ್ನೂ ಕರಕೊಂಡು ಬರ್ರಿ, ಅಂತ."

ಬಾಳಮ್ಮನಿಗೆ ಅಲ್ಲಾವುದ್ದೀನನ ಮೇಲೆ ಹೊಟ್ಟೆಯುರಿಯಿತು. ಅವನಿಗೇನು, ಪಾನು ಕಟ್ಟುತ್ತ ನಾಲ್ಕು ಒಳ್ಳೆಯ ಮಾತು ಓದಿ ಪುಣ್ಯ ಕಟ್ಟಿಕೊಂಡ. ಈಗ ತಾನು ಕಾಗದ ತೋರಿಸಿ ಇದೇ ಇದೆ ಎಂದರೆ ಅಕ್ಷರ ಬಾರದವಳಿಗೆ ಅದೂ ಒಂದೇ, ಇದೂ ಒಂದೇ. ಸುಳ್ಳು ಹೇಳಿ ಸಿಕ್ಕಿಬಿದ್ದವಳ ನಿಜಕ್ಕೆ ಬೆಲೆ ಎಲ್ಲಿಯದು? ನಿನ್ನೆ ಕರ್ತ ಬಂದಿದ್ದರೆ ಇಷ್ಟು ಕಷ್ಟದ ತೀರ್ಪು ಅವನೂ ಕೊಡುತ್ತಿರಲಿಲ್ಲ.

"ನಾ ಎರಡು ದಿನದಿಂದ ಟ್ರಂಕಿನಾಗ ಅರಬಿ ತುಂಬಾಕತ್ತಿದ್ದೆ," ಎಂದಳು ಜೈತುನಬಿ.

"ಬರಬ್ಯಾಡ ಅಂತನಾ ಐತಿ, ಜೈತುನ," ಎಂದಳು ಬಾಳಮ್ಮ. "ನಾ ಏನೂ ಸೇರಿಸಿಲ್ಲ. ನಂಬೂದು ಬಿಡೂದು ನಿನಗ ಬಿಟ್ಟದ್ದು."

ಜೈತುನಬಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವಾ ನನ್ನ ಮಾರಿ ನೋಡಕೋತ ಓದಿದ," ಎಂದಳು. "ನೀ ಕಾಗದ ನೋಡಿ ಓದಿದಿ." ಆಮೇಲೆ ಕೂತಲ್ಲಿಂದ ಒಂದು ಮೊಳ ಹತ್ತಿರ ಸರಿದಳು. "ಇನ್ನೊಮ್ಮೆ ಓದು."

ಬಾಳಮ್ಮ ಮೊದಲಿಂದ ಓದಿದಳು. ಎಲ್ಲರೂ ಆರಾಮ, ಮಳೆ ಇನ್ನೂ ಇಲ್ಲ, ಲಗ್ನ ಇಪ್ಪತ್ತೆಂಟಕ್ಕೆ. ಈ ಸಲ ಆ ಸಾಲಿಗೆ ಬಂದಾಗ ನಿಲ್ಲಲಿಲ್ಲ.